ಸ್ಟಿಲ್ ಒತ್ತಿದರೂ ನಿಲ್ಲದವಳು

೧೪ ಸೆಪ್ಟೆಂಬರ್ ೧೯೮೬, ಭಾನುವಾರ

ಇಂಥ ಸಿಟ್ಟನ್ನು ಯಾರ ಮುಂದೆ ಇಳಿಸಲಿ? ಮನೆಯಲ್ಲಿರುವುದು ಅವ್ವ ಮತ್ತು ಒಂಬತ್ತು ವರ್ಷದ ಮಗಳು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಬೆಳಿಗ್ಗೆ ಪಕ್ಕದ ಮನೆಯ ಹಬೀಬುಲ್ಲಾ ಬಾಗಿಲಿಗೆ ಬಂದ. ಯಶವಂತಪುರದಲ್ಲಿ ಅವನದು ಹಣ್ಣಿನ ಮಂಡಿ, ನನ್ನದು ಅಲ್ಲೇ ರೈಲ್ವೆ ಗೂಡ್ಸ್ ಆಫೀಸಿನಲ್ಲಿ ಗುಮಾಸ್ತಿಕೆ. ಗಂಗಾನಗರದ ಈ ಬೀದಿಯಲ್ಲಿ ನಮ್ಮಿಬ್ಬರ ಮನೆಗೂ ನಡುವೆ ಒಂದೇ ಗೋಡೆ. ಆದರೆ ಐದು ವರ್ಷದಿಂದ ನಾನು ಅವನ ಮನೆಯ ಮೆಟ್ಟಿಲು ಹತ್ತಿಲ್ಲ. ಯಾರ ಮನೆಯದನ್ನೂ ಹತ್ತಿಲ್ಲ.

"ಸೇತು ಭಾಯ್, ಒಂದ್ನಿಮಿಷ ಬನ್ರೀ. ಹೆಂಗ್ ಹೇಳ್ಬೇಕೋ ಗೊತ್ತಾಗ್ತಿಲ್ಲ. ನಮ್ಮ ಟೀವೀಲಿ ನಿಮ್ಮ ಮನೆಯವರು ಬಂದ್ರು."

ಐದು ವರ್ಷದ ಹಿಂದೆ ಕಾಮಾಲೆಯಲ್ಲಿ ಹೋದವಳು ಇವನ ಟೀವಿಯಲ್ಲಿ ಬಂದಳಂತೆ! ಅವನ ಮುಖದ ಮೇಲೆಯೇ ಬಾಗಿಲು ಹಾಕಿದೆ. ಅವ್ವ ಹಿತ್ತಲ ಬಾಗಿಲಿನಿಂದ ಹೋಗಿಬಿಟ್ಟಳು, ಚಪ್ಪಲಿಯನ್ನೂ ಮೆಟ್ಟಲಿಲ್ಲ. ವಾಪಸು ಬಂದವಳು ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತ, "ನಮ್ ಪಂಕಜನೇ ಕಣ್ಲಾ. ಬದ್ನೆಕಾಯಿ ಇಸುಕಿ, ಉಳುಕು ಅಂತ ಬುಟ್ಟಿಗೆ ಎಸೀತಾವ್ಳೆ. ಇನ್ಯಾರು ಅಂಗೆ ಎಸೀತಾರೆ?" ಎಂದಳು.

ಸಂಗತಿ ಇಷ್ಟು. ಹಬೀಬುಲ್ಲಾನ ಹೆಂಡತಿ ರೆಹಾನಾಳ ತಮ್ಮ ಲಾಲ್ ಸಾಬ್ ಕುವೈತಿನಿಂದ ರಜೆಗೆ ಬಂದಿದ್ದಾನೆ. ಒಂದು ಯಂತ್ರ ತಂದಿದ್ದಾನೆ. ಕ್ಯಾಸೆಟ್ಟಿನದಲ್ಲ, ಊಟದ ತಟ್ಟೆಯಷ್ಟಗಲದ, ಕನ್ನಡಿಯಂತೆ ಹೊಳೆಯುವ ಡಿಸ್ಕು ಹಾಕುವಂಥದ್ದು. ಜೊತೆಗೆ ಬಂದ ಒಂದು ಡಿಸ್ಕಿನಲ್ಲಿ ದೇಶದೇಶದ ಸಂತೆಗಳ ಚಿತ್ರವಿದೆ, ಅದರಲ್ಲಿ ಯಲಹಂಕದ ಸಂತೆ, ಸಂತೆಯಲ್ಲಿ ಅವಳು.

ಕೇಳುವವರು ಯಾರೂ ಇಲ್ಲವೇ? ಯಾವನೋ ಕ್ಯಾಮರಾ ಹೊತ್ತುಕೊಂಡು ಬಂದು, ತರಕಾರಿ ಕೊಳ್ಳುತ್ತಿದ್ದ ಹೆಂಗಸನ್ನು ಕೇಳದೆ ಹೇಳದೆ ಡಿಸ್ಕಿಗೆ ಹಾಕಿ ಕುವೈತಿನ ಅಂಗಡಿಯಲ್ಲಿ ಮಾರುವುದೇ? ಅದೂ ಇವಳನ್ನು! ಫೋಟೊ ತೆಗೆಸಿದರೆ ಆಯಸ್ಸು ಕಮ್ಮಿಯಾಗುತ್ತದೆ ಎಂದು ಕ್ಯಾಮರಾ ಕಂಡರೆ ಒಳಮನೆಗೆ ಓಡುತ್ತಿದ್ದವಳು. ಮದುವೆಯ ಒಂದೇ ಒಂದು ಫೋಟೊದಲ್ಲೂ ತಲೆ ತಗ್ಗಿಸಿದ್ದಾಳೆ, ಬಾಸಿಂಗ ಬಿಟ್ಟರೆ ಏನೂ ಕಾಣುವುದಿಲ್ಲ. ಅಷ್ಟೆಲ್ಲ ಓಡಿ ಏನು ಉಳಿಸಿಕೊಂಡಳು?

೧೬ ಸೆಪ್ಟೆಂಬರ್

ಸೀತಾ ಸ್ಕೂಲಿನಿಂದ ನೆಟ್ಟಗೆ ಅವರ ಮನೆಗೆ ಹೋಗಿದ್ದಾಳೆ. ನನಗೆ ಹೇಳಿಲ್ಲ. ಊಟಕ್ಕೆ ಕೂತಾಗ ಮೆಲ್ಲಗೆ ಕೇಳಿದಳು:

"ಅಪ್ಪಾ, ಅಮ್ಮನ ಸೀರೆ ಯಾವ ಬಣ್ಣ? ಟೀವೀಲಿ ಬರೀ ಕಪ್ಪು ಬಿಳುಪು ಕಾಣ್ಸುತ್ತೆ."

"ಅವರದು ಕಲರ್ ಟೀವಿ ತಾನೇ?"

"ಹೂಂ. ಆದ್ರೂ ಆ ಡಿಸ್ಕ್ ಹಾಕಿದ್ರೆ ಬಣ್ಣ ಬರಲ್ಲ. ಯಾವ ಬಣ್ಣ ಅಪ್ಪಾ?"

"ಸೀರೆ ಬಣ್ಣ ಕಟ್ಕೊಂಡು ನಿಂಗೇನಾಗ್ಬೇಕು? ಸಾರು ಕಲಸ್ಕೋ."

ಕಲಸಿಕೊಂಡಳು. ಆ ಸಂತೆಗೆ ಯಾವ ಸೀರೆ ಉಟ್ಟಿದ್ದಳೆಂದು ನನಗೆ ಹೇಗೆ ಗೊತ್ತಿರಬೇಕು? ಗಂಡಸರು ಇಂಥದ್ದನ್ನೆಲ್ಲ ಬರೆದಿಟ್ಟುಕೊಂಡಿರುತ್ತಾರೆಯೇ?

೧೭ ಸೆಪ್ಟೆಂಬರ್

ಸೀತಾಳನ್ನು ಕರೆದುಕೊಂಡು ಬರಲು ಹೋದೆ, ಅಷ್ಟೇ. ಹೊಸ್ತಿಲಲ್ಲೇ ನಿಂತೆ.

ಪರದೆಯ ಮೇಲೆ ಚಿತ್ರ ಮೇಲಿಂದ ಕೆಳಕ್ಕೆ ಸುರುಳಿ ಸುತ್ತಿಕೊಂಡು ಓಡುತ್ತಿತ್ತು. ಲಾಲ್ ಸಾಬ್ ಟೀವಿಯ ಹಿಂದೆ ಕೈ ಹಾಕಿ ಯಾವುದೋ ತಿರುಪು ತಿರುಗಿಸಿದ. ನಿಂತಿತು. ಸಂತೆ ಬಂತು. ಬಂದಳು. ಹೋದಳು.

ರೆಹಾನಾ ಚಹಾ ತಂದಳು. ಬೇಡವೆಂದೆ.

ಬಣ್ಣ ಯಾಕೆ ಬರುವುದಿಲ್ಲ ಎಂದು ಲಾಲ್ ಸಾಬನನ್ನು ಕೇಳಿದರೆ, "ಸಿಸ್ಟಮ್ ಬೇರೆ ಅಲ್ವಾ ಭಾಯ್. ಇದು ಎನ್‌ಟಿಎಸ್‌ಸಿ, ನಮ್ಮ ಟೀವಿ ಪಾಲ್" ಎಂದು ನಗುತ್ತಾನೆ. ಹಾಗಂದರೆ ಏನು ಎಂದರೆ, "ಅಮೆರಿಕಾದೋರು, ಜಪಾನ್‌ನೋರು ಒಂಥರಾ ಚಿತ್ರ ಕಳಿಸ್ತಾರೆ, ನಾವು ಒಂಥರಾ." ಸೂರ್ಯ ಒಬ್ಬನೇ, ಬಿಸಿಲು ಒಂದೇ. ಬಿಸಿಲಲ್ಲಿ ಕಂಡ ಬಣ್ಣಕ್ಕೆ ದೇಶಕ್ಕೊಂದು ಕಾಯಿದೆಯಂತೆ! ಅವರವರು ಹೊಂದಿಕೊಳ್ಳದಿದ್ದರೆ ನನ್ನ ಮಗಳು ತನ್ನ ತಾಯಿಯನ್ನು ಬೂದಿ ಬಣ್ಣದಲ್ಲಿ ನೋಡಬೇಕೆ?

೨೦ ಸೆಪ್ಟೆಂಬರ್, ಶನಿವಾರ

ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡುವುದು ಬಂತು. ಅಪ್ಪ, ದೊಡ್ಡಪ್ಪ, ಅಜ್ಜಿ ಎಲ್ಲರ ಫೋಟೊಗಳನ್ನೂ ಗೋಡೆಗೆ ಒರಗಿಸಿ ಅವ್ವ ಎಡೆ ಇಡುತ್ತಾಳೆ. ಕೊನೆಯಲ್ಲಿ ಒಂದು ಹಿತ್ತಾಳೆ ಚೊಂಬು. ಆ ಚೊಂಬು ಸೀತಾಳ ಅಮ್ಮ. ಪ್ರತಿ ವರ್ಷ ಸೀತಾ ಆ ಚೊಂಬನ್ನು ಹುಣಸೆಹಣ್ಣು ಹಾಕಿ ಉಜ್ಜಿ, ಅದರಲ್ಲಿ ತನ್ನ ಮುಖ ನೋಡಿಕೊಂಡು, ಕೈ ಮುಗಿಯುತ್ತಾಳೆ.

ಈ ಸಲ ಹೇಳಿದಳು: "ಅಪ್ಪಾ, ಟೀವೀಲಿ ಅಮ್ಮನ್ನ ನಿಲ್ಸಿ ಫೋಟೊ ತೆಗೆಸೋಣ. ಯಂತ್ರದಲ್ಲಿ ನಿಲ್ಸೋ ಬಟನ್ ಇದೆ. ಲಾಲ್ ಸಾಬ್ ಮಾಮೂ ತೋರಿಸ್ದ್ರು. ಮೇಲೆ ಸ್ಟಿಲ್ ಅಂತ ಬರ್ದಿದೆ."

ಅವಳು ಏನನ್ನೂ ಕೇಳುವ ಹುಡುಗಿಯಲ್ಲ. ಮತ್ತಿಕೆರೆಯಲ್ಲಿ ಸ್ಟುಡಿಯೊ ಇಟ್ಟಿರುವ ಬದರೀನಾಥನ ಹತ್ತಿರ ಹೋದೆ. "ಓಡೋ ಚಿತ್ರ ತೆಗೆದ್ರೆ ಹೊಗೆ ಥರ ಬರುತ್ತೆ ಸಾರ್. ನಿಲ್ಸಿ ಕೊಡಿ, ಮಿಕ್ಕಿದ್ದು ನಂಗ್ ಬಿಡಿ" ಎಂದ.

ಸಂಜೆ ಹಬೀಬುಲ್ಲಾನ ಮನೆಯಲ್ಲಿ ಎಲ್ಲರೂ ಸುತ್ತ ಕೂತೆವು. ಅವಳು ಬಂದಳು. ಸ್ಟಿಲ್ ಒತ್ತಿದೆ. ನಿಲ್ಲಲಿಲ್ಲ, ಹೋದಳು. ಮತ್ತೆ ಹಾಕಿದೆವು. ಮತ್ತೆ ಒತ್ತಿದೆ. ಹೋದಳು. ಪಾಜ್ ಎಂದು ಇನ್ನೊಂದು ಬಟನ್. ಅದನ್ನು ಒತ್ತಿದರೆ ಯಂತ್ರ ನಿಲ್ಲುತ್ತದೆ, ಪರದೆ ಖಾಲಿಯಾಗುತ್ತದೆ. ನಿಂತರೆ ಕಾಣುವುದಿಲ್ಲ, ಕಂಡರೆ ನಿಲ್ಲುವುದಿಲ್ಲ.

ನಿಲ್ಲಿಸಲಾಗದ ಬಟನ್ನಿಗೆ ಸ್ಟಿಲ್ ಎಂದು ಹೆಸರಿಡುವವರನ್ನು ಏನು ಮಾಡಬೇಕು? ನಾನು ಗೂಡ್ಸ್ ಆಫೀಸಿನಲ್ಲಿ ಅಕ್ಕಿ ಮೂಟೆಗೆ ಗೋಧಿ ಎಂದು ಚೀಟಿ ಅಂಟಿಸಿದರೆ ಮಾರನೇ ದಿನ ಸಸ್ಪೆಂಡು.

೨೧ ಸೆಪ್ಟೆಂಬರ್, ಭಾನುವಾರ

ಯಂತ್ರದ ಜೊತೆ ಬಂದ ಇಂಗ್ಲಿಷ್ ಪುಸ್ತಕ ತಂದುಕೊಂಡು, ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು ಇಡೀ ದಿನ ಕೂತೆ. ಕೆಟ್ಟ ಹಟ ಬಂದಿದೆ. ಇವರ ಮಾತು ಇವರಿಗೇ ಒಪ್ಪಿಸುತ್ತೇನೆ.

ಚಾಪ್ಟರ್ ಎಂದರೆ ಅಧ್ಯಾಯ. ಸಂಖ್ಯೆ ಒತ್ತಿದರೆ ನೇರ ಅಲ್ಲಿಗೇ ಹಾರುತ್ತದೆ. ಯಲಹಂಕದ ಸಂತೆ ಕೊನೆಯ ಚಾಪ್ಟರು. ಇದೊಂದು ಒಳ್ಳೆಯದು. ಇಷ್ಟು ದಿನ ಅವಳನ್ನು ನೋಡಲು ಪರದೇಶದ ಮೀನು, ಒಂಟೆ, ರತ್ನಗಂಬಳಿ ಎಲ್ಲ ನೋಡಬೇಕಾಗಿತ್ತು.

ಸೈಡ್ ಎಂದರೆ ಮುಖ. ಒಂದು ಮುಖ ಮುಗಿದರೆ ಡಿಸ್ಕನ್ನು ದೋಸೆಯಂತೆ ಮಗುಚಬೇಕು.

ಇನ್ನು ಸ್ಟಿಲ್. ಇದನ್ನು ಓದಿ ಓದಿ ತಲೆ ಕೆಟ್ಟಿತು. ಡಿಸ್ಕುಗಳಲ್ಲೇ ಎರಡು ಜಾತಿಯಂತೆ: ಸಿಎವಿ, ಸಿಎಲ್‌ವಿ. ಕೊನೆಗೆ ನಮ್ಮೂರ ಕಣ ನೆನಪಾದ ಮೇಲೆ ಅರ್ಥವಾಯಿತು. ಸೀತಾಳಿಗೂ ಹಾಗೆಯೇ ಹೇಳಿದೆ. ಕಣದ ನಡುವೆ ಮೇಟಿ ಕಂಬ, ಸುತ್ತ ತೆನೆ ತುಳಿಯುವ ಎತ್ತುಗಳು. ಮೇಟಿಯ ಪಕ್ಕದ ಎತ್ತಿಗೆ ಸಣ್ಣ ಸುತ್ತು, ಅಂಚಿನ ಎತ್ತಿಗೆ ದೊಡ್ಡ ಸುತ್ತು. ಸಿಎವಿ ಡಿಸ್ಕಿನಲ್ಲಿ ಸುತ್ತು ಸಣ್ಣದಿರಲಿ ದೊಡ್ಡದಿರಲಿ, ಒಂದು ಸುತ್ತಿಗೆ ಒಂದೇ ಚಿತ್ರ. ಅದೇ ಸುತ್ತಿನಲ್ಲಿ ತಿರುಗುತ್ತಿರು ಎಂದರೆ ಆ ಒಂದು ಚಿತ್ರವೇ ನಿಂತಿರುತ್ತದೆ. ಸಿಎಲ್‌ವಿಯವರು ಜಿಪುಣರು. ದೊಡ್ಡ ಸುತ್ತಿನಲ್ಲಿ ಜಾಗ ಉಳಿಯುತ್ತದಲ್ಲ ಎಂದು ಎರಡು ಮೂರು ಚಿತ್ರ ತುಂಬುತ್ತಾರೆ. ಹೆಚ್ಚು ಹೊತ್ತು ಓಡುತ್ತದೆ, ಆದರೆ ನಿಲ್ಲಿಸಿದರೆ ಚಿತ್ರದ ಮೇಲೆ ಚಿತ್ರ ಬಿದ್ದು ಕಲಸುಮೇಲೋಗರ. ಅದಕ್ಕೇ ಯಂತ್ರ ನಿಲ್ಲಿಸುವುದೇ ಇಲ್ಲ.

"ಅಮ್ಮ ಯಾವ ಸುತ್ತಲ್ಲಿದಾಳೆ?" ಎಂದಳು ಸೀತಾ.

"ಕೊನೆಯ ಚಾಪ್ಟರ್ ಅಲ್ವಾ, ಅಂಚಿನ ಹತ್ತಿರ. ಡಿಸ್ಕು ಒಳಗಿನಿಂದ ಹೊರಕ್ಕೆ ಓದಿಸಿಕೊಳ್ಳುತ್ತೆ."

ನಮ್ಮ ಡಿಸ್ಕಿನ ಲಕೋಟೆಯನ್ನು ತಿರುಗಿಸಿ ನೋಡಿದೆ. ಮೂಲೆಯಲ್ಲಿ ಸಣ್ಣ ಅಕ್ಷರ. ಸಿಎಲ್‌ವಿ.

೨೪ ಸೆಪ್ಟೆಂಬರ್

ಆರ್.ಟಿ. ನಗರದ ವಿಡಿಯೊ ಲೈಬ್ರರಿಯವನಿಗೆ, ಡಿಸ್ಕಿನಿಂದ ಕ್ಯಾಸೆಟ್ಟಿಗೆ ಇಳಿಸಿಕೊಡು ಎಂದೆ. ಅವನು ತನ್ನ ವಿಸಿಆರ್ ತಂದು ವೈರು ಸೇರಿಸಿ ನೋಡಿದ. ಬರೀ ಗೆರೆ ಬಂತು. "ಸಿಸ್ಟಮ್ ಹಿಡಿಯಲ್ಲ ಗುರುವೇ, ಬೇರೆ ಒಳ್ಳೇ ಫೈಟಿಂಗ್ ಪಿಕ್ಚರ್ ಐತೆ, ಕೊಡ್ಲಾ?" ಎಂದ. ಕೈ ಮಾಡದೆ ಕಳಿಸಿದ್ದು ನನ್ನ ದೊಡ್ಡತನ.

೨೮ ಸೆಪ್ಟೆಂಬರ್, ಭಾನುವಾರ

ಈಗ ಇದೊಂದು. ಲಾಲ್ ಸಾಬ್ ನಾಳೆ ಬಿಟ್ಟು ಮುಂದಿನ ಸೋಮವಾರ ಬೊಂಬಾಯಿಗೆ ಹೊರಡುತ್ತಾನೆ, ಅಲ್ಲಿಂದ ಕುವೈತಿಗೆ. ಯಂತ್ರವೂ ಡಿಸ್ಕೂ ಹೋಗುತ್ತವೆ. ಈ ಊರಲ್ಲಿ ಬೇರೆ ಡಿಸ್ಕು ಸಿಕ್ಕುವುದಿಲ್ಲ. ಅಕ್ಕನಿಗೆ ಉಪಯೋಗವಿಲ್ಲವೆಂದು ಬೊಂಬಾಯಿಯ ಯಾರಿಗೋ ಕೊಟ್ಟು ಕ್ಯಾಸೆಟ್ ಯಂತ್ರ ಕಳಿಸುತ್ತಾನಂತೆ.

"ಒಂದು ಮಾತು ಹೇಳ್ಬಾರ್ದಾ?" ಎಂದು ರೇಗಿದೆ.

"ಭಾಯ್, ಬಂದ ದಿನಾನೇ ಹೇಳಿದ್ದೆ. ನೀವು ಬಾಗಿಲು ಹಾಕ್ಕೊಂಡಿದ್ರಿ," ಎಂದ ಲಾಲ್ ಸಾಬ್.

ಹಬೀಬುಲ್ಲಾ ನಕ್ಕ. ನನಗೆ ನಗು ಬರಲಿಲ್ಲ. ಇವರ ಚಹಾಕ್ಕೆ ರೆಹಾನಾ ಶುಂಠಿ ಜಾಸ್ತಿ ಹಾಕುತ್ತಾಳೆ, ಮೊನ್ನೆಯೂ ಹೇಳಿದ್ದೆ, ಇವತ್ತೂ ಹಾಕಿದ್ದಾಳೆ.

ಸೀತಾ ಅವಳನ್ನೂ ಸೀರೆಯ ಬಣ್ಣ ಕೇಳಿದಳು. ರೆಹಾನಾ ತಡೆಯದೆ ಹೇಳಿಬಿಟ್ಟಳು: "ಗಿಳಿ ಹಸಿರು. ಅಂಚಲ್ಲಿ ಮಾವಿನಕಾಯಿ. ನಾನೂ ನಿಮ್ಮಮ್ಮಾನೂ ಒಂದೇ ದಿನ ತಗೊಂಡಿದ್ದು. ನಂದು ನೀಲಿ. ಆವತ್ತು ಸಂತೇಲೂ ಜೊತೇಲೇ ಇದ್ದೆ, ನಾನು ಕೊತ್ತಂಬರಿಗೆ ಆ ಕಡೆ ಹೋಗಿದ್ದೆ ನೋಡು, ಬರಲೇ ಇಲ್ಲ ಚಿತ್ರದಲ್ಲಿ."

ನೋಡು, ಇಡೀ ಬೀದಿಗೆ ಗೊತ್ತಿರುವುದು ನನಗೊಬ್ಬನಿಗೆ ಗೊತ್ತಿಲ್ಲ. ಇವಳಾದರೂ ಐದು ವರ್ಷದಲ್ಲಿ ಒಮ್ಮೆ ಹೇಳಬಾರದಿತ್ತೇ? ನಾನು ಕೇಳಲಿಲ್ಲ ಎನ್ನುತ್ತಾಳೆ. ಕೇಳದಿದ್ದರೆ ಹೇಳಬಾರದೆಂದು ಎಲ್ಲಿದೆ? ಪಂಕಜಾ ಆಗಿದ್ದರೆ ಕೇಳದೆಯೇ ಹೇಳುತ್ತಿದ್ದಳು. ಕೇಳಿದವರಿಗೂ ಹೇಳುತ್ತಿದ್ದಳು, ಕೇಳದವರಿಗೂ ಹೇಳುತ್ತಿದ್ದಳು, ನಲ್ಲಿಯಲ್ಲಿ ನೀರು ಬಿಡುವವನಿಗೂ ಹೇಳುತ್ತಿದ್ದಳು.

೧ ಅಕ್ಟೋಬರ್

ಮತ್ತೆ ಬದರೀನಾಥನ ಹತ್ತಿರ ಹೋಗಿದ್ದೆ. ಓಡುವುದನ್ನೇ ತೆಗೆ ಎಂದೆ. "ನಿಮ್ಮ ಸಮಾಧಾನಕ್ಕೆ ಭಾನುವಾರ ಬರ್ತೀನಿ ಸಾರ್" ಎಂದ. ನನ್ನ ಸಮಾಧಾನಕ್ಕಂತೆ.

೩ ಅಕ್ಟೋಬರ್, ಶುಕ್ರವಾರ, ಅಮಾವಾಸ್ಯೆ

ಅಕ್ಷರ ನೆಟ್ಟಗೆ ಬರುತ್ತಿಲ್ಲ.

ಆಫೀಸಿನಿಂದ ಬಂದೆ. ನಡುಮನೆಯಲ್ಲಿ ಎಡೆ ಇಟ್ಟಿತ್ತು. ಅಪ್ಪನ ಫೋಟೊ, ದೊಡ್ಡಪ್ಪ, ಅಜ್ಜಿ. ಕೊನೆಯಲ್ಲಿ ಚೊಂಬು ಇರಲಿಲ್ಲ. ಮಣೆಯ ಮೇಲೆ ಟ್ರಂಕಿನಿಂದ ತೆಗೆದ ಪಂಕಜಾಳ ಗಿಳಿ ಹಸಿರು ಸೀರೆ ಮಡಿಸಿಟ್ಟು, ಅದರ ಮೇಲೆ ಆ ಡಿಸ್ಕನ್ನು ಗೋಡೆಗೆ ಒರಗಿಸಿ, ಮುಂದೆ ಎಲೆಯಲ್ಲಿ ಎಣ್ಣೆಗಾಯಿ, ಕಜ್ಜಾಯ ಬಡಿಸಿದ್ದರು. ಡಿಸ್ಕಿನ ಅಂಚಿನಲ್ಲಿ ಗಟ್ಟಿಯಾಗಿ ಅರಿಶಿನ ಬಳಿದಿತ್ತು, ಅದರ ಮೇಲೆ ಎಣ್ಣೆ ಸವರಿ ಕಾಸಗಲ ಕುಂಕುಮ. ಹಿಂದಿನ ಮುಖಕ್ಕೂ ಅಷ್ಟೇ!

"ಅವ್ವಾ, ಏನ್ ಮಾಡ್ಬಿಟ್ಟೆ!"

"ಯಾಕ್ಲಾ ಕಿರ್ಚ್ತೀಯ? ರೆಹಾನಾನ ಕೇಳ್ದೆ. ನಮ್ ಸೊಸೇನ ಒಂದಿನಕ್ಕೆ ಮನೆಗೆ ಕಳಿಸ್ಕೊಡವ್ವ ಅಂದೆ. ಪಾಪ, ವಸಾ ಬಟ್ಟೇಲಿ ಸುತ್ತಿ ಕೊಟ್ಳು."

"ಡಿಸ್ಕಿಗೆ ಬೆರಳು ಸೋಕಬಾರ್ದು! ಪುಸ್ತಕದಲ್ಲಿ ಬರೆದಿದೆ! ಒಳಗೆ ಬೆಳಕು ಓದುತ್ತೆ, ಎಣ್ಣೆ ಬಿದ್ರೆ ದಾರಿ ತಪ್ಪುತ್ತೆ! ಅದೂ ಸರಿಯಾಗಿ ಅವಳಿರೋ ಕಡೆಗೇ..."

"ಅವ್ಳಿರೋ ಕಡೆಗೇ ಇಕ್ಕಿದ್ದು ಕಣಪ್ಪ. ಅಂಚಲ್ಲವ್ಳೆ ಅಂತ ನಿನ್ ಮಗ್ಳು ಏಳಿದ್ಳು. ಮುತ್ತೈದೆಯಾಗಿ ಓದೋಳು. ಮನೆಗೆ ಬಂದೋಳ್ನ ಅರಿಶ್ಣ ಕುಂಕ್ಮ ಕೊಡ್ದೆ ಎಂಗ್ಲಾ ಕಳಿಸ್ಲಿ?"

ಸೀತಾ ಮೂಲೆಯಲ್ಲಿ ಆ ಸೀರೆಯ ಅಂಚು ಹಿಡಿದು ಕೂತಿದ್ದಳು. ಬೈಯಬೇಕೆಂದು ಬಾಯಿ ತೆರೆದೆ. ಕಣದ ಕಥೆ ಹೇಳಿದವನು ನಾನೇ.

ನೀರು ಅದ್ದಿದ ಬಟ್ಟೆಯಲ್ಲಿ ಒರೆಸಿದೆ. ಕುಂಕುಮ ಹೋಯಿತು. ಎಣ್ಣೆಯ ಜಿಡ್ಡು ಮಬ್ಬಾಗಿ ಕೂತುಬಿಟ್ಟಿದೆ. ಊಟ ಮಾಡಲಿಲ್ಲ. ಇಲ್ಲ, ಎಣ್ಣೆಗಾಯಿ ತಿಂದೆ. ಎಡೆಯದು ಎಂದು ಅವ್ವ ಬಿಡಲಿಲ್ಲ.

೫ ಅಕ್ಟೋಬರ್, ಭಾನುವಾರ

ಎಲ್ಲವನ್ನೂ ಕ್ರಮವಾಗಿ ಬರೆಯುತ್ತೇನೆ.

ಬೆಳಿಗ್ಗೆ ಹಬೀಬುಲ್ಲಾನ ಮನೆಗೆ ಹೋಗಿ ಡಿಸ್ಕು ತೋರಿಸಿದೆ. ಬೈಯಲಿ ಎಂದು ಕಾದೆ. ಲಾಲ್ ಸಾಬ್ ಅದನ್ನು ಬೆಳಕಿಗೆ ಹಿಡಿದು ನೋಡಿ, "ಅಮ್ಮಾ ಹಚ್ಚಿದ್ದಾ? ಇರ್ಲಿ ಬಿಡಿ, ಹಾಕಿ ನೋಡೋಣ" ಎಂದನಷ್ಟೇ. ಇವರಿಗೆ ಸಿಟ್ಟೇ ಬರುವುದಿಲ್ಲ. ಎಲ್ಲರ ಪಾಲಿನದನ್ನೂ ನಾನೊಬ್ಬನೇ ಮಾಡಬೇಕು.

ಬದರೀನಾಥ ಕ್ಯಾಮರಾ ನಿಲ್ಲಿಸಿ, ಕಿಟಕಿಗೆಲ್ಲ ಕಂಬಳಿ ಕಟ್ಟಿಸಿ ಕತ್ತಲೆ ಮಾಡಿದ. ಟೀವಿಯ ಎದುರಿಗೆ, ಕ್ಯಾಮರಾದ ಪಕ್ಕದಲ್ಲಿ ನೆಲದ ಮೇಲೆ ಸೀತಾ ಕೂತಳು. ಗಿಳಿ ಹಸಿರು ಸೀರೆಯನ್ನು ಶಾಲಿನಂತೆ ಹೊದ್ದುಕೊಂಡಿದ್ದಳು. ಮೊನ್ನೆಯಿಂದ ಅದನ್ನು ಬಿಟ್ಟಿಲ್ಲ. ಕೊನೆಯ ಚಾಪ್ಟರ್ ಒತ್ತಿದೆ.

ಸಂತೆ ಬಂತು. ಚಿತ್ರ ಒಂದು ಸಲ ಜರ್ರೆಂದು ಎಗರಿ ಬುಟ್ಟಿಯಿಂದ ಎಮ್ಮೆಗೆ ಹೋಯಿತು. ಅಲ್ಲಿಂದ ಮತ್ತೆ ಹಿಂದಕ್ಕೆ. ಆಮೇಲೆ ಪಂಕಜಾ ಬಂದಳು. ಬದನೆಕಾಯಿ ಎಸೆದು ಈ ಕಡೆ ತಿರುಗಿದಳು. ಚಿತ್ರ ಎಗರಿತು. ಮತ್ತೆ ತಿರುಗಿದಳು. ಎಗರಿತು. ಮತ್ತೆ ತಿರುಗಿದಳು.

"ಸ್ಕಿಪ್ ಆಗ್ತಿದೆ," ಎಂದು ಪಿಸುಗುಟ್ಟಿದೆ. ಪುಸ್ತಕದಲ್ಲಿ ಓದಿದ್ದೆ. ಜಿಡ್ಡಿನ ಹತ್ತಿರ ಬಂದ ಬೆಳಕು ದಾಟಲಾಗದೆ ಹಿಂದಿನ ಸುತ್ತಿಗೇ ಬೀಳುತ್ತದೆ. ದೋಷ ಎಂದು ಬರೆದಿದ್ದಾರೆ.

ತಿರುಗಿದಳು. ಗಲ್ಲ ಎತ್ತಿ, ಹುಬ್ಬು ಗಂಟಿಕ್ಕಿ, ಕ್ಯಾಮರಾದವನಿಗೆ ಏನೋ ಹೇಳಲು ಬಾಯಿ ತೆರೆದಳು. ಮತ್ತೆ ತಿರುಗಿದಳು. ನೀರು ಬಿಡುವವನನ್ನು ನೋಡುತ್ತಿದ್ದದ್ದು ಹಾಗೆಯೇ. ನನ್ನನ್ನೂ ಹಾಗೆಯೇ.

"ತೆಗಿಯಯ್ಯಾ!" ಎಂದು ಕಿರುಚಿದೆ.

ಬದರೀನಾಥ ಫ್ಲ್ಯಾಶ್ ಹಾಕಿ ತೆಗೆದ. ಮತ್ತೆ ಮತ್ತೆ ತೆಗೆದ. ಪರದೆಯ ಗಾಜು ಕಣ್ಣು ಕೋರೈಸುವಂತೆ ಹೊಳೆಯಿತು. "ಅಯ್ಯೋ ದಡ್ಡ, ಗಾಜಿಗೆ ಬೆಳಕು ಬಿಟ್ರೆ ಮುಖ ಎಲ್ಲಿ ಬರುತ್ತೆ?" ಎಂದೆ. ಅವನಿಗೂ ರೇಗಿತು. ಫ್ಲ್ಯಾಶ್ ಕಿತ್ತು ಪಕ್ಕಕ್ಕಿಟ್ಟು ಮತ್ತೆ ಕಣ್ಣಿಟ್ಟ. ಆ ಕ್ಷಣಕ್ಕೇ ರೆಹಾನಾ ಚಹಾದ ತಟ್ಟೆ ಹಿಡಿದು ಬಾಗಿಲು ನೂಕಿಕೊಂಡು ಬರಬೇಕೆ? ಬಿಸಿಲು ನೇರ ಸೀತಾಳ ಮೇಲೆ ಬಿತ್ತು. ಕ್ಯಾಮರಾ ಕ್ಲಿಕ್ ಎಂದಿತು.

"ಬಾಗ್ಲು ಹಾಕಮ್ಮಾ!" ಬದರೀನಾಥ ತಲೆ ಚಚ್ಚಿಕೊಂಡ. "ಹೋಯ್ತು, ಅದೇ ಕೊನೇ ಫಿಲ್ಮು."

ಪಂಕಜಾ ಮಾತ್ರ ತಿರುಗುತ್ತಲೇ ಇದ್ದಳು. ಯಂತ್ರ ಆರಿಸಲು ಯಾರೂ ಏಳಲಿಲ್ಲ, ನಾನೂ ಏಳಲಿಲ್ಲ. ಅವ್ವ ಟೀವಿಯ ಹತ್ತಿರ ಹೋಗಿ, "ಸಾಕು ಓಗವ್ವ, ಒತ್ತಾಯ್ತು," ಎಂದಳು. ಆಮೇಲೆ ಸ್ವಲ್ಪ ಹೊತ್ತಿಗೆ ಚಿತ್ರ ತಾನಾಗಿಯೇ ಮುಂದೆ ಹೋಯಿತು. ಎಮ್ಮೆ ಬಂತು. ಸಂತೆ ಮುಗಿಯಿತು.

ಚಹಾ ಕುಡಿದೆ. ಶುಂಠಿಯ ಖಾರಕ್ಕೆ ಕಣ್ಣಲ್ಲಿ ನೀರು ಬಂತು. ಇಷ್ಟು ಶುಂಠಿ ಯಾರಾದರೂ ಹಾಕುತ್ತಾರೆಯೇ?

೬ ಅಕ್ಟೋಬರ್

ಲಾಲ್ ಸಾಬ್ ಹೋದ. ಯಂತ್ರವೂ ಹೋಯಿತು. ಡಿಸ್ಕನ್ನು ಅವ್ವನ ಕೈಗೆ ಕೊಟ್ಟು ಹೋದ. ಬೊಂಬಾಯಿಯವನಿಗೆ ಬೇಕಲ್ಲವೇ ಎಂದರೆ, "ಅಮ್ಮಾ ಅರಿಶಿನ ಕುಂಕುಮ ಕೊಟ್ಟು ಮನೆಗೆ ಕರ್ಕೊಂಡಿದಾರೆ. ನಾನು ಹೆಂಗ್ ತಗೊಂಡ್ಹೋಗ್ಲಿ ಭಾಯ್?" ಎಂದ.

ಸ್ಟೇಷನ್ನಿಗೆ ಹೋಗಿದ್ದೆ. ಗಾಡಿ ತಡವಾಯಿತು. ರೈಲ್ವೆಯವನಾಗಿ ನಾನೇ ಹೇಳುತ್ತೇನೆ, ಇಂಥ ರೈಲ್ವೆ ಎಲ್ಲೂ ಇಲ್ಲ.

೧೨ ಅಕ್ಟೋಬರ್, ಭಾನುವಾರ

ಬದರೀನಾಥ ಪ್ರಿಂಟು ಕೊಟ್ಟ. ಫ್ಲ್ಯಾಶ್ ಹಾಕಿ ತೆಗೆದವೆಲ್ಲ ದಂಡ, ಬರೀ ಬಿಳಿ ಗುಂಡು. ಕೊನೆಯದೊಂದನ್ನು ಬೇರೆ ಇಟ್ಟಿದ್ದ. "ಇದೂ ಕೆಟ್ಟೋಗಿದೆ ಸಾರ್. ಬಾಗಿಲು ತೆಗೆದ್ರಲ್ಲ, ಗಾಜಲ್ಲಿ ಹುಡುಗಿ ನೆರಳು ಬಿದ್ಬಿಟ್ಟಿದೆ. ದುಡ್ಡು ಬೇಡ."

ಪಂಕಜಾ ಬೂದಿ ಬಣ್ಣದಲ್ಲಿ ತಿರುಗಿ ನೋಡುತ್ತಿದ್ದಾಳೆ. ಬಾಯಿ ಅರೆ ತೆರೆದಿದೆ. ಅವಳ ಭುಜಕ್ಕೆ ಒರಗಿದಂತೆ, ಗಾಜಿನೊಳಗೆ, ಸೀತಾ. ಅವಳ ಹೆಗಲ ಮೇಲೆ ಗಿಳಿ ಹಸಿರು. ಆ ಹಸಿರು ಅಷ್ಟಕ್ಕೇ ನಿಲ್ಲದೆ ಪಂಕಜಾಳ ಸೆರಗಿನ ಮೇಲೂ ಹರಡಿದೆ.

ಕೆಟ್ಟುಹೋಗಿದೆಯಂತೆ! ಸ್ಟುಡಿಯೊ ಇಟ್ಟುಕೊಂಡವನಿಗೆ ಕಣ್ಣು ಬೇಡವೇ? ದುಡ್ಡನ್ನು ಅವನ ಮೇಜಿನ ಮೇಲೆ ಇಟ್ಟೇ ಬಂದೆ.

ಅಲ್ಲಿಂದ ನೇರ ಮತ್ತಿಕೆರೆ ಬಸ್ ಸ್ಟಾಪಿನ ಹತ್ತಿರ ಕಟ್ಟು ಹಾಕುವ ಅಂಗಡಿಗೆ ಹೋದೆ. ಅಂಗಡಿಯವನು ಫೋಟೊ ನೋಡಿದ, ನನ್ನ ಮುಖ ನೋಡಿದ, ದನಿ ತಗ್ಗಿಸಿದ.

"ಹೋದವರದ್ದಾ ಸಾರ್? ಮೇಲೆ ಸಣ್ಣ ಬಲ್ಬ್ ಹಾಕ್ಕೊಡ್ತೀನಿ. ಹಾರ ಹಾಕೋಕೆ ಎರಡೂ ಕಡೆ ಕೊಕ್ಕೆ ಬಿಡ್ಲಾ?"

ಇಡೀ ಅಂಗಡಿ ಕೇಳುವಂತೆ ಕಿರುಚಿದೆ. "ಬಲ್ಬೂ ಬೇಡ, ಕೊಕ್ಕೆನೂ ಬೇಡ! ಕಣ್ಣು ಕಾಣ್ಸಲ್ವೇನ್ರೀ ನಿಮಗೆ? ಇದರಲ್ಲಿ ನನ್ನ ಮಗಳಿದಾಳೆ. ಇದಕ್ಕೆ ಹಾರ ಹಾಕೋ ಹಂಗಿಲ್ಲ!"

ಹಿರಿಯರ ಫೋಟೊಗಳ ಸಾಲಿನಲ್ಲಿ ಇದನ್ನು ಇಡಲು ಬರುವುದಿಲ್ಲ ಎಂದು ಅವ್ವನೂ ಒಪ್ಪಿದಳು. ಸೀತಾ ಓದುವ ಮೇಜಿನ ಮೇಲೆ ಮೊಳೆ ಹೊಡೆದೆ. ಗೋಡೆ ಎಂಥ ಕಳಪೆ ಗಾರೆಯದೋ, ಎರಡು ಸಲ ಉದುರಿತು. ಮೂರನೇ ಸಲಕ್ಕೆ ನಿಂತಿತು.